ಮಲಗಿದವರನ್ನಷ್ಟೇ ಎಣಿಸುವ ಅಧಿಕಾರಿಗಳಿಗೆ

ಅಣೆಕಟ್ಟುಗಳಿಗೆ ಅಪಾಯದ ದರ್ಜೆ ಕೊಡುವ ಮಾನ್ಯರೇ,

ನನ್ನ ಅಣೆಕಟ್ಟು ಒಡೆದರೆ ಯಾರೂ ಸಾಯುವುದಿಲ್ಲವೆಂದು ತಾವು ಲಿಖಿತವಾಗಿ ತಿಳಿಸಿದ್ದೀರಿ. ಅದು ತಪ್ಪು, ಹದಿನಾಲ್ಕು ಮಂದಿ ಸಾಯಬಹುದು, ಅವರಲ್ಲೊಬ್ಬಳು ನನ್ನ ಒಡಹುಟ್ಟಿದ ತಂಗಿ ಎಂದು ನಾನು ಮತ್ತೆ ಮತ್ತೆ ಬರೆದೆ. ಪ್ರತಿ ಸಲವೂ ತಮ್ಮಿಂದ ಅಕ್ಷರ ಬದಲಾಗದ ಅದೇ ಉತ್ತರ ಬಂತು. ಆದ್ದರಿಂದ ಈ ಸಲ ಊರಿಗೆಲ್ಲ ಕೇಳಿಸುವಂತೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಮಾಲೀಕರು ತಮ್ಮ ಬಾಗಿಲಿಗೆ ಬಂದು ‘ನಮ್ಮದು ಏನೂ ಅಪಾಯವಿಲ್ಲ ಸ್ವಾಮಿ’ ಎಂದು ಗೋಗರೆಯುತ್ತಾರಂತೆ. ‘ನನ್ನದು ಅಪಾಯಕಾರಿ, ದಯವಿಟ್ಟು ನಂಬಿ’ ಎಂದು ಅಂಗಲಾಚುವ ಮೊದಲ ಪ್ರಾಣಿ ನಾನೇ ಇರಬೇಕು.

ನಾನು ಕನ್ನಡಕದ ವ್ಯಾಪಾರಿ. ಅಣೆಕಟ್ಟು ಎಂದೊಡನೆ ಓದುಗರು ದೊಡ್ಡದಾಗಿ ಏನನ್ನೂ ಊಹಿಸಿಕೊಳ್ಳಬಾರದು. ಹಳ್ಳವೊಂದಕ್ಕೆ ಅಡ್ಡಲಾಗಿ ಹಿಂದಿನವರು ಯಾರೋ ಹಾಕಿಸಿದ ಮಣ್ಣಿನ ಏರಿ ಅದು; ಎರಡಂತಸ್ತಿನ ಮನೆಯಷ್ಟು ಎತ್ತರ. ನೀರು ಬಿಡಲು ಒಂದು ತೂಬು, ಹೆಚ್ಚಾದದ್ದು ಹರಿದುಹೋಗಲು ಒಂದು ಕೋಡಿ. ವರ್ಷಗಟ್ಟಲೆ ಕಂಡವರ ಮೂಗಿನ ಮೇಲೆ ಫ್ರೇಮು ಕೂರಿಸಿ ಬೇಸತ್ತ ನಾನು, ಭಾನುವಾರವಾದರೂ ನೀರಿನ ದಡದಲ್ಲಿ ಕೂತು ಪೇಪರ್ ಓದೋಣವೆಂದು ಆ ಜಾಗ ಕೊಂಡೆ. ನೀರಿನ ಜೊತೆಗೆ ಅದನ್ನು ಹಿಡಿದು ನಿಂತ ಮಣ್ಣೂ, ಆ ಮಣ್ಣಿನ ಹೊಣೆಯೂ ನನ್ನ ತಲೆಗೇ ಬಂತೆಂಬುದು ನೋಂದಣಿ ಮುಗಿದ ಮೇಲೆ ತಿಳಿಯಿತು.

"ಬೇರೆಯವರ ಗಂಡಂದಿರು ನಾಯಿ ಸಾಕ್ತಾರೆ, ನೀವು ಅಣೆಕಟ್ಟು ಸಾಕಿ" ಎಂದಳು ನನ್ನ ಹೆಂಡತಿ. ನಾನದನ್ನು ಹೊಗಳಿಕೆ ಎಂದುಕೊಂಡೆ. ಅಂಗಡಿಗೆ ಬಂದವರ ಮುಂದೆಲ್ಲ ‘ನಮ್ಮ ಅಣೆಕಟ್ಟು’ ಎಂದು ಜಂಬ ಕೊಚ್ಚಿಕೊಂಡೆ. ‘ಕಡಿಮೆ ಅಪಾಯ’ ಎಂಬ ದರ್ಜೆ ಕೊಟ್ಟು ತಾವು ಕಳಿಸಿದ ಪತ್ರಕ್ಕೆ ಕಟ್ಟು ಹಾಕಿಸಿ, ಕಣ್ಣು ಪರೀಕ್ಷೆಯ ಫಲಕದ ಪಕ್ಕದಲ್ಲೇ ತೂಗುಹಾಕಿದೆ. ಗಿರಾಕಿಗಳಿಗೆ ಅತಿ ಸಣ್ಣ ಸಾಲು ಓದಿ ಎಂದು ಪೀಡಿಸುವ ನಾನು, ಆ ಪತ್ರದ ಸಣ್ಣ ಸಾಲುಗಳನ್ನು ಮಾತ್ರ ಓದಲಿಲ್ಲ.

ಏರಿಯ ಕೆಳಗೆ, ಕೂಗಳತೆಯಲ್ಲಿ, ನನ್ನ ತಂಗಿಯ ಲಾಂಡ್ರಿ ಇದೆ. ಆಸ್ಪತ್ರೆ, ಲಾಡ್ಜುಗಳ ಹಾಸು ಹೊದಿಕೆ ಅಲ್ಲಿಗೆ ಬರುತ್ತದೆ. ನೀರು ಹತ್ತಿರ, ಬಿಸಿಲಿಗೆ ಬರವಿಲ್ಲ ಎಂದು ಅವಳನ್ನು ಆ ಜಾಗಕ್ಕೆ ಕರೆತಂದ ಬೃಹಸ್ಪತಿ ನಾನೇ. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಹದಿಮೂರು ಹೆಂಗಸರು ಅವಳ ಜೊತೆ ದುಡಿಯುತ್ತಾರೆ. ಒಂದು ದಿನ ತಂಗಿ ಅಂಗಡಿಗೇ ಫೋನು ಮಾಡಿದಳು.

"ಅಣ್ಣಾ, ಮಳೆ ನಿಂತು ತಿಂಗಳಾಯ್ತು. ಹಗ್ಗದ ಮೇಲಿರೋ ಬಟ್ಟೆ ಒಣಗುತ್ತೆ, ಏರಿ ಪಕ್ಕದ ನೆಲ ಒಣಗ್ತಿಲ್ಲ. ಬಂದು ನೋಡು."

ಹೋದೆ, ಸೊಂಟದ ಮೇಲೆ ಕೈಯಿಟ್ಟು ನೋಡಿದೆ, ತಜ್ಞನ ಗತ್ತಿನಲ್ಲಿ "ನಿಮ್ಮ ಬಟ್ಟೆ ನೀರೇ ತೊಟ್ಟಿಕ್ಕಿರಬೇಕು" ಎಂದೆ.

"ಆ ಕಡೆ ನಾವು ಬಟ್ಟೇನೇ ಹಾಕಲ್ಲ. ಊರಿಗೆಲ್ಲ ಕನ್ನಡಕ ಹಾಕ್ತೀಯ, ನೀನೂ ಒಂದು ಹಾಕ್ಕೋಬಾರದಾ?"

ಬಗ್ಗಿ ನೋಡಿದರೆ ಏರಿಯ ಬುಡದಲ್ಲಿ ಒಂದು ಕಡೆ ನೀರು ಸಣ್ಣಗೆ ಜಿನುಗುತ್ತಿತ್ತು. ಓದುವ ಕನ್ನಡಕಕ್ಕೆಂದು ಬರುವ ನಿವೃತ್ತ ಎಂಜಿನಿಯರ್ ಒಬ್ಬರನ್ನು ಕಾಡಿ ಬೇಡಿ ಕರೆದೊಯ್ದೆ. ಅವರು ಜಿನುಗನ್ನು ಮುಟ್ಟಿ ನೋಡಿ, "ಈಗ ತಿಳಿಯಾಗಿದೆ, ಗಾಬರಿ ಬೇಡ. ಬಣ್ಣ ತಿರುಗಿದ್ರೆ ಅಪಾಯ. ಆದ್ರೆ ತೂಬು ಎತ್ತಿ ನೀರು ಇಳಿಸಿಬಿಡಿ. ಒಂದೇ ಸಲಕ್ಕಲ್ಲ, ದಿನಾ ಸ್ವಲ್ಪ ಸ್ವಲ್ಪ" ಎಂದರು.

ಇಷ್ಟೇ ತಾನೇ ಎಂದುಕೊಂಡೆ. ಆಗ ನೆನಪಾಯಿತು, ತೂಬು ಎತ್ತುವ ಚಕ್ರಕ್ಕೆ ತಮ್ಮ ಸೀಲು ಬಿದ್ದಿದೆ. ಅದನ್ನು ತೆಗೆಯಲು ತಮ್ಮ ಅನುಮತಿ ಬೇಕು. ಅನುಮತಿ ಬೇಕಾದರೆ ತಮ್ಮ ಎಂಜಿನಿಯರ್ ಬಂದು ನೋಡಬೇಕು. ಎಂಜಿನಿಯರ್ ಬರುವುದು ‘ಹೆಚ್ಚು ಅಪಾಯ’ದ ದರ್ಜೆಯವರ ಬಳಿಗೆ ಮಾತ್ರ. ಸರಿ, ದರ್ಜೆ ಬದಲಿಸಿ ಎಂದರೆ, ದರ್ಜೆಗೂ ಏರಿಯ ಗಟ್ಟಿತನಕ್ಕೂ ಸಂಬಂಧವೇ ಇಲ್ಲವಂತೆ. ಕೆಳಗೆ ಎಷ್ಟು ಜನ ವಾಸವಿದ್ದಾರೆ ಎಂಬುದಷ್ಟೇ ಮುಖ್ಯವಂತೆ. ವಾಸವೆಂದರೆ ರಾತ್ರಿ ಮಲಗುವುದಂತೆ. ಹೀಗಾಗಿ ಹಗಲಿಡೀ ಏರಿಯ ಬುಡದಲ್ಲಿ ಬಗ್ಗಿ ದುಡಿಯುವ ಹದಿನಾಲ್ಕು ಜೀವಗಳು ತಮ್ಮ ಪುಸ್ತಕದಲ್ಲಿ ಸೊನ್ನೆ.

ಮಾನ್ಯರೇ, ನೀರು ಗಡಿಯಾರ ನೋಡಿಕೊಂಡು ಬರುತ್ತದೆಯೇ? ಹಗಲು ಒಡೆದ ಏರಿ, ‘ಇವರು ಇಲ್ಲಿ ಮಲಗುವವರಲ್ಲ, ಪಾಪ’ ಎಂದು ಪಕ್ಕಕ್ಕೆ ಸರಿದು ಹೋಗುತ್ತದೆಯೇ? ಎಚ್ಚರವಿರುವವರಿಗಿಂತ ನಿದ್ದೆ ಮಾಡುವವರ ಜೀವಕ್ಕೇ ಬೆಲೆ ಹೆಚ್ಚೆನ್ನುವುದಾದರೆ, ಊಟದ ನಂತರದ ಹೊತ್ತಿನಲ್ಲಿ ತಮ್ಮ ಕಚೇರಿಯಷ್ಟು ಬೆಲೆಬಾಳುವ ಜಾಗ ಇನ್ನೊಂದಿರಲಾರದು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಾವು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆಂದು ನಿರ್ಧರಿಸಿದೆ. ಮನೆಯಿಂದ ಹಾಸಿಗೆ ಹೊತ್ತೊಯ್ದು ಲಾಂಡ್ರಿಯ ಇಸ್ತ್ರಿ ಮೇಜಿನ ಮೇಲೆ ಹಾಸಿ, ‘ಇಲ್ಲಿ ಒಬ್ಬರು ವಾಸವಿದ್ದಾರೆ’ ಎಂದು ತಮಗೆ ಬರೆದು, ಅಲ್ಲೇ ಮಲಗತೊಡಗಿದೆ. ಬೆನ್ನು ಹಿಡಿದುಕೊಂಡಿತು. ಹೆಂಡತಿ, "ಮನೇಲಿ ಇಷ್ಟು ದಿನ ಮಲಗಿದ್ರಿ, ಅದನ್ನ ಯಾರೂ ಎಣಿಸಲಿಲ್ಲವಲ್ಲ" ಎಂದು ನಕ್ಕಳು. ಕೊನೆಗೊಮ್ಮೆ, ಲಾಂಡ್ರಿಗೆ ರಜೆಯಿದ್ದ ದಿನ ನೋಡಿಕೊಂಡು, ತಮ್ಮ ಸರ್ವೆಯವರು ಬಂದರು. ತುಂಬ ವಿನಯವಂತರು.

"ಮಲಗೋರು ಯಾರು ಸರ್?"

"ನಾನೇ."

"ಅಣೆಕಟ್ಟಿನ ಮಾಲೀಕರು?"

"ಅದೂ ನಾನೇ."

"ಮಾಲೀಕರು ಲೆಕ್ಕಕ್ಕೆ ಬರಲ್ಲ ಸರ್. ಅವರ ಅಪಾಯ ಅವರಿಷ್ಟ."

"ನನ್ನ ತಂಗಿ ಮಲಗಿದ್ರೆ?"

"ಕುಟುಂಬದವರೂ ಬರಲ್ಲ."

ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂದು ಚಿಕ್ಕಂದಿನಲ್ಲಿ ನನ್ನನ್ನು ಆಡಿಸುತ್ತಿದ್ದರು. ಈ ವಯಸ್ಸಿನಲ್ಲಿ ಅದಕ್ಕೆ ಸರ್ಕಾರಿ ಮುದ್ರೆ ಬಿತ್ತು. ಬಂದವರನ್ನು ಜಿನುಗಿನ ಹತ್ತಿರ ಕರೆದೊಯ್ದರೆ, "ಅದು ಎಂಜಿನಿಯರ್ ವಿಭಾಗ ಸರ್, ನಾವು ಹಾಸಿಗೆ ಎಣಿಸೋರು" ಎಂದರು. ಹೋಗುವಾಗ, ‘ನನ್ನ ದೂರದೃಷ್ಟಿ ಕನ್ನಡಕದ ನಂಬರು ಹೆಚ್ಚಾದಂತಿದೆ’ ಎಂದೂ ಹೇಳಿದರು. ನಾನು ಅಂಗಡಿಯ ವಿಳಾಸ ಕೊಟ್ಟೆ.

ಮರುದಿನ ಈ ಕಥೆ ಕೇಳಿ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದವರು ಒಬ್ಬರೇ, ಎಲ್ಲರೂ ಇಸ್ತ್ರಿಯಕ್ಕ ಎಂದು ಕರೆಯುವ, ದಿನವಿಡೀ ನಿಂತು ಹಾಸುಗಳನ್ನು ಮಡಿಸುವ ಹೆಂಗಸು.

"ನಾನು ಮಲ್ಕೋತೀನಿ ಬಿಡಿ ಸರ್. ಹಗಲೆಲ್ಲ ಇಲ್ಲೇ ಇರ್ತೀನಿ, ರಾತ್ರಿ ಇದ್ರೆ ಏನು ಮಹಾ? ಮಗಳನ್ನೂ ಕರ್ಕೊಂಡು ಬರ್ತೀನಿ. ಇಬ್ಬರಾದ್ರೆ ಬರ್ತಾರಾ ಎಂಜಿನಿಯರ್?"

ಇಲ್ಲಿ ನನ್ನ ಮರ್ಯಾದೆಯನ್ನು ನಾನೇ ಕಳೆದುಕೊಳ್ಳಬೇಕಾಗಿದೆ. ನಾನು ತಕ್ಷಣ ಬೇಡ ಎನ್ನಲಿಲ್ಲ. ಹುಡುಗಿಯ ವಯಸ್ಸೆಷ್ಟು, ಮಕ್ಕಳನ್ನು ಪೂರ್ತಿ ಒಂದೆಂದು ಹಿಡಿಯುತ್ತಾರೋ ಅರ್ಧವೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದ್ದೆ. ತಮ್ಮೊಂದಿಗೆ ಪತ್ರವ್ಯವಹಾರ ನಡೆಸಿ ನಡೆಸಿ ನಾನೂ ತಮ್ಮಂತೆಯೇ ಆಗಿಬಿಟ್ಟಿದ್ದೆ. ಏರಿಯಿಂದ ಜನರನ್ನು ಕಾಪಾಡಲು ಮಗುವೊಂದನ್ನು ತಂದು ಅದರ ಬುಡದಲ್ಲಿ ಮಲಗಿಸುವ ಉಪಾಯ ನನಗೆ ಒಂದು ಕ್ಷಣ ಸರಿಯೆನಿಸಿತ್ತು. ತಂಗಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು.

"ಆ ಮಗು ಇಲ್ಲಿ ಮಲಗೋ ದಿನ ನಾನು ಲಾಂಡ್ರಿಗೆ ಬೀಗ ಹಾಕ್ತೀನಿ. ನಿನ್ನ ಮುಖಾನೂ ನೋಡಲ್ಲ."

ನಾಚಿಕೆಯಿಂದ ಹಿಡಿಯಷ್ಟಾದೆ. ಹಾಸಿಗೆ ಸುತ್ತಿಕೊಂಡು ಮನೆಗೆ ಬಂದೆ.

ಆಮೇಲೆ ತಂಗಿ ತನ್ನದೇ ಒಂದು ಪರೀಕ್ಷೆ ಇಟ್ಟುಕೊಂಡಳು. ದಿನಾ ಬೆಳಿಗ್ಗೆ ಒಗೆದ ಬಿಳಿ ದಿಂಬಿನ ಚೀಲವೊಂದನ್ನು ಜಿನುಗಿಗೆ ಹಿಡಿದು ನೋಡುವುದು. ಬೆಳ್ಳಗೇ ಉಳಿದರೆ ಕೆಲಸ ಶುರು. ಇಂದು ಬೆಳಿಗ್ಗೆ ಅದು ಚಹಾದ ಬಣ್ಣಕ್ಕೆ ತಿರುಗಿತು. ಅವಳು ಯಾರನ್ನೂ ಒಳಗೆ ಬಿಡದೆ, ಬಾಯ್ಲರ್ ಆರಿಸಿ, ಎಲ್ಲರನ್ನೂ ಪಕ್ಕದ ದಿಬ್ಬಕ್ಕೆ ಹತ್ತಿಸಿ ನನಗೆ ಫೋನು ಮಾಡಿದಳು.

"ಇಷ್ಟು ದಿನ ಬರೀ ನೀರು ಬರ್ತಿತ್ತು ಅಣ್ಣಾ. ಈಗ ಏರಿನೇ ಬರ್ತಿದೆ."

ನಾನು ಹೆದರಿದ್ದೇನೆ, ಮಾನ್ಯರೇ. ಇದುವರೆಗಿನ ತಮಾಷೆಯೆಲ್ಲ ಆ ಹೆದರಿಕೆಯನ್ನು ಮುಚ್ಚಿಕೊಳ್ಳಲು ಮಾಡಿದ್ದು. ಈ ಪತ್ರವನ್ನು ಪತ್ರಿಕೆಯವರ ಕೈಗಿಟ್ಟು ನೇರ ಏರಿಗೆ ಹೋಗುತ್ತೇನೆ, ಸುತ್ತಿಗೆಯಿಂದ ತಮ್ಮ ಸೀಲು ಒಡೆದು ತೂಬು ಎತ್ತುತ್ತೇನೆ. ಆ ನಿವೃತ್ತ ಎಂಜಿನಿಯರ್ ಪಕ್ಕದಲ್ಲಿ ನಿಂತು ಎಷ್ಟು ತಿರುಗಿಸಬೇಕೆಂದು ಹೇಳುತ್ತಾರೆ. ಚಕ್ರ ಮುಟ್ಟುವ ಕೈ ಮಾತ್ರ ನನ್ನದೇ. ಇದು ಶಿಕ್ಷಾರ್ಹ ಅಪರಾಧವೆಂದು ಗೊತ್ತು. ಸೀಲು ಒಡೆದಲ್ಲಿಗೆ ಅಧಿಕಾರಿ ಖುದ್ದಾಗಿ ಬರತಕ್ಕದ್ದು ಎಂದು ತಮ್ಮ ನಿಯಮವೇ ಹೇಳುತ್ತದೆಂಬುದೂ ಗೊತ್ತು. ಅಪಾಯವೆಂದು ಕರೆದರೆ ಬಾರದವರನ್ನು ಅಪರಾಧ ಮಾಡಿಯಾದರೂ ಕರೆಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ.

ಬನ್ನಿ. ನೀರು ಪೂರ್ತಿ ಇಳಿಯಲು ಕೆಲವು ದಿನ ಬೇಕು, ಯಾವತ್ತು ಬಂದರೂ ನಾನು ಅಲ್ಲೇ ಸಿಗುತ್ತೇನೆ. ಕೇಸು ಹಾಕಿ, ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಬೇಡಿಕೆ ಒಂದೇ, ಕೆಲಸದ ದಿನ, ಹಗಲು ಹೊತ್ತಿನಲ್ಲಿ ಬನ್ನಿ. ಮಹಜರು ಬರೆಯುವಾಗ ಸ್ಥಳದಲ್ಲಿ ಹಾಜರಿದ್ದವರನ್ನೆಲ್ಲ ಬರೆದುಕೊಳ್ಳಲೇಬೇಕಲ್ಲವೇ? ದಿಬ್ಬದ ಮೇಲೆ ತಗಡಿನ ಚಪ್ಪರ ಹಾಕಿಕೊಂಡು ಹದಿಮೂರು ಹೆಂಗಸರೂ ನನ್ನ ತಂಗಿಯೂ ಮಡಿಸುವುದು, ಇಸ್ತ್ರಿ ಮಾಡುವುದು ನಡೆಸಿರುತ್ತಾರೆ. ಒಬ್ಬರನ್ನೂ ಬಿಡದೆ ಎಣಿಸಿಕೊಳ್ಳಿ. ಸದ್ದಾಗದಂತೆ ನಡೆಯಬೇಕಾಗಿಲ್ಲ, ಅಲ್ಲಿ ಯಾರೂ ಮಲಗಿರುವುದಿಲ್ಲ.

ಇಂತಿ,
ಕಡಿಮೆ ಅಪಾಯದ ಅಣೆಕಟ್ಟೊಂದರ,
ಇಂದಿನಿಂದ ಅಪಾಯಕಾರಿ ಎನಿಸಿಕೊಳ್ಳಲಿರುವ ಮಾಲೀಕ