ಹಳ್ಳಕ್ಕೆ ಇಳಿದ ದನಿ

ಹಾಸ್ಟೆಲ್, ತುಮಕೂರು
೨೦ ನವೆಂಬರ್ ೧೯೬೮

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ನಂದೀಶ ಮಾಡುವ ನಮಸ್ಕಾರಗಳು. ಇಲ್ಲಿ ನಾನು ಕ್ಷೇಮ ಎಂದು ಬರೆಯಬೇಕು, ಆದರೆ ಫಿಸಿಕ್ಸ್ ಟೆಸ್ಟ್ ಕೆಟ್ಟಿದೆ. ಅರ್ಧ ಕ್ಷೇಮ ಎಂದುಕೋ. ಭಾವನವರಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಪುಟ್ಟಿಗೂ ಇನ್ನೂ ಹೆಸರಿಲ್ಲದ ಆ ಹೊಸ ಯಜಮಾನನಿಗೂ ಮುದ್ದು.

ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಿಲ್ಲ, ಬೈದುಕೋ. ನೀನು ಹೇಳಿದ್ದು ಸಣ್ಣ ಕೆಲಸವೇ. ನಿಮ್ಮ ಮನೆಯ ಪದ್ಧತಿಯಂತೆ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೆತ್ತವಳೇ ಹಗ್ಗ ಹಿಡಿದು ಮೊದಲ ನುಡಿ ಹಾಡಬೇಕು, ಮಿಕ್ಕ ಹೆಂಗಸರು ಆಮೇಲೆ ದನಿಗೂಡಿಸುತ್ತಾರೆ. ಪುಟ್ಟಿಯ ತೊಟ್ಟಿಲ ಶಾಸ್ತ್ರ ತೋವಿನಕೆರೆಯ ನಮ್ಮ ಮನೆಯಲ್ಲಿ ಆದದ್ದರಿಂದ ಅಮ್ಮ ತಾನೇ ಹಾಡಿ ನಿನ್ನನ್ನು ಉಳಿಸಿದಳು. ಈ ಸಲ ಕಳ್ಳಂಬೆಳ್ಳದ ನಿಮ್ಮ ಮನೆಯಲ್ಲೇ, ತಪ್ಪಿಸಿಕೊಳ್ಳುವ ಹಾಗಿಲ್ಲ. "ನೀನು ಇಂಗ್ಲಿಷ್ ಓದಿದವನು, ಅಕ್ಕನಿಗೆ ಗಂಟಲು ನೋವು, ಹಾಡಬಾರದು ಅಂತ ಡಾಕ್ಟರು ಅಂದವ್ರೆ ಅಂತ ಅತ್ತೆಗೆ ಒಂದು ಕಾಗದ ಬರಿ" ಎಂದಿದ್ದೀಯ. ಬರೆಯಲು ಕೂತೆ, ಆಗಲಿಲ್ಲ. ಏಕೆ ಆಗಲಿಲ್ಲ ಎಂದು ಹೇಳಬೇಕಾದರೆ ಕೊರಟಗೆರೆಯ ಸುದ್ದಿ ಹೇಳಬೇಕು.

ಅಮೆರಿಕದಿಂದ ಜೇಮ್ಸ್ ಎನ್ನುವ ಹುಡುಗ ಹಳ್ಳಿಯವರಿಗೆ ಕೋಳಿ ಸಾಕಣೆ ಹೇಳಿಕೊಡಲು ಬಂದಿದ್ದಾನೆ. ಕೊರಟಗೆರೆಯಲ್ಲಿ ಖಲೀಲುಲ್ಲಾ ಸಾಹೇಬರ ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದಿದ್ದಾನೆ. ಅವನ ಮಾತನ್ನು ಕನ್ನಡದಲ್ಲಿ ಹೇಳಲು ನಮ್ಮ ಲೆಕ್ಚರರ್ ಭಾನುವಾರಗಳಂದು ನನ್ನನ್ನು ಕಳಿಸುತ್ತಾರೆ. ನನ್ನದು ಅರ್ಧ ಇಂಗ್ಲಿಷು, ಅವನದು ಕಾಲು ಕನ್ನಡ, ಹೇಗೋ ನಡೆಯುತ್ತದೆ. ಅಮೆರಿಕದವನೆಂದರೆ ಸುಣ್ಣದಂತೆ ಬೆಳ್ಳಗಿರುತ್ತಾನೆಂದು ಎಲ್ಲರೂ ಕಾದಿದ್ದರಂತೆ. ಬಸ್ಸಿಳಿದವನು ನಮಗಿಂತ ಕಪ್ಪು. ನಮ್ಮೂರಿನ ಚಿಕ್ಕನರಸಯ್ಯ ಅಲ್ಲೇ ಇದ್ದವನು, "ಇವನೆಂಥಾ ಅಮೆರಿಕದೋನ್ಲಾ, ನಮ್ ಕದರಪ್ಪನ ತಮ್ಮ ಇದ್ದಂಗವ್ನೆ!" ಎಂದನಂತೆ.

ಜೇಮ್ಸ್ ಹತ್ತಿರ ಬ್ಯಾಟರಿಯಿಂದ ಓಡುವ ಪುಟ್ಟ ರೆಕಾರ್ಡ್ ಪೆಟ್ಟಿಗೆ ಇದೆ. ಅದರಲ್ಲಿ ಅವನ ಜನರ ಹಾಡು ಕೇಳಿಸಿದ. ಸೋಲ್ ಮ್ಯೂಸಿಕ್ ಅನ್ನುತ್ತಾರೆ, ಆತ್ಮದ ಸಂಗೀತ ಅಂತಲೋ ಏನೋ. ಮೊದಲು ಚಪ್ಪಾಳೆ, ನಮ್ಮ ಭಜನೆಯ ಚಪ್ಪಾಳೆಯೇ, ಆದರೆ ನಾವು ಹೊಡೆಯದ ಕಡೆ ಹೊಡೆಯುತ್ತಾರೆ. ಅಡಿಯಲ್ಲಿ ಒಂದು ದಪ್ಪ ತಂತಿಯ ನಾದ, ಯಾರೋ ಪಕ್ಕದ ಕೋಣೆಯಲ್ಲಿ ನಡೆದಾಡುತ್ತಿರುವ ಹಾಗೆ. ಒಬ್ಬಳು ಬೇಡಿಕೊಳ್ಳುತ್ತ, ಕೂಗುತ್ತ, ದೇವರ ಮುಂದೆಯೋ ಗಂಡನ ಮುಂದೆಯೋ ತಿಳಿಯದ ಹಾಗೆ ಹಾಡುತ್ತಾಳೆ. ಹಿಂದಿನಿಂದ ಮೂವರು ಅವಳಿಗೆ ಉತ್ತರ ಕೊಡುತ್ತಾರೆ. ಆ ಮೂವರೂ ಬೇರೆ ಬೇರೆ ಕಡೆ ನಿಂತು ಹಾಡುತ್ತಾರೆ, ಅಕ್ಕ! ಮಾತು ಒಂದೇ, ಸ್ವರ ಒಂದಲ್ಲ. ಒಬ್ಬಳು ಮೇಲೆ, ಒಬ್ಬಳು ನಡುವೆ, ಒಬ್ಬಳು ಕೆಳಗೆ. ಇದು ತಪ್ಪು ಎಂದು ನನ್ನ ಕಿವಿ ಹೇಳಿತು, ಮೈ ಮಾತ್ರ ಜುಮ್ಮೆಂದಿತು. ಯಾವುದನ್ನು ನಂಬಲಿ?

ಜೇಮ್ಸನನ್ನು ಕೇಳಿದೆ. ಹಾರ್ಮನಿ ಎಂದ. ನನ್ನ ಮುಖ ನೋಡಿ ಅಂಗೈಯನ್ನು ಗಾಳಿಯಲ್ಲಿ ಮೇಲೊಮ್ಮೆ ಕೆಳಗೊಮ್ಮೆ ಇಟ್ಟು ತೋರಿಸಿದ. "ಇದು ಚಿಕ್ಕಮ್ಮ. ಇದು ನಾನು. ಇದು ಕೆಳಗೆ, ಅಮ್ಮ. ಜಗಳ ಇಲ್ಲ. ಎಲ್ಲಾ ಕೂತು ಊಟ." ಅವನ ಊರಿನ ಚರ್ಚಿನಲ್ಲಿ ಅವನ ತಾಯಿ ಹಾಗೆ ಕೆಳಗೆ ಹಾಡುತ್ತಿದ್ದಳಂತೆ.

ಆಗ ನನಗೆ ನಮ್ಮ ಸೋಮವಾರದ ಭಜನೆ ನೆನಪಾಯಿತು. ಅಪ್ಪ ಸಾಲು ಎತ್ತಿಕೊಟ್ಟರೆ ನಾವೆಲ್ಲ ಅದೇ ಸ್ವರ ಹಿಡಿದು ಮೇಲಕ್ಕೆ ಹೋಗುತ್ತಿದ್ದೆವು, ಲಂಗ ಉಡುವ ವಯಸ್ಸಿನ ನೀನೊಬ್ಬಳು ಕೆಳಗೆ ಇಳಿಯುತ್ತಿದ್ದೆ. ಒಂದು ದಿನ ಎಲ್ಲರ ಮುಂದೆ ಅಪ್ಪ, "ಲೇ ಮಂಗಳಿ, ಎಲ್ರೂ ದಾರೀಲಿ ಹೋದ್ರೆ ನೀನೊಬ್ಳು ಹಳ್ಳಕ್ಕೆ ಇಳೀತೀಯಲ್ಲೇ! ಬಾಯಿ ಮುಚ್ಕೊಂಡು ತಾಳ ಹಾಕು" ಎಂದರು. ಎಲ್ಲರೂ ನಕ್ಕರು. ಅವತ್ತು ಮುಚ್ಚಿದ ಬಾಯಿ. ಪುಟ್ಟಿಯನ್ನು ಮಲಗಿಸುವಾಗಲೂ ನೀನು ಬರಿದೆ ಬೆನ್ನು ತಟ್ಟುತ್ತೀಯ, ನೋಡಿದ್ದೇನೆ.

ಹಾಗಾದರೆ ಅವತ್ತು ತಪ್ಪಿದ್ದು ನೀನೋ, ಅಪ್ಪನೋ? ಫಸ್ಟ್ ಇಯರ್ ಪೂರ್ತಿ ನನ್ನ ಪಾಡು ಹೀಗೇ. ಊರಿನಲ್ಲಿ ಸರಿ ಎಂದು ಕಲಿತದ್ದು ಇಲ್ಲಿ ತಪ್ಪಾಗುತ್ತದೆ. ಹಾಗೆಂದು ಯಾರು ಹೇಗೆ ಹಾಡಿದರೂ ಹಾರ್ಮನಿ ಅಲ್ಲ. ನಮ್ಮ ಹಾಸ್ಟೆಲಿನ ದೊಡ್ಡಹನುಮಯ್ಯ ಬಚ್ಚಲಲ್ಲಿ ಹಾಡುವುದು ಯಾವ ದೇಶದಲ್ಲೂ ಸರಿಯಾಗಲಾರದು.

ಈಗ ಮೊನ್ನೆ ಭಾನುವಾರದ ಸುದ್ದಿ. "ನಿಮ್ ಮಗ ಕೋಳಿ ದೊರೆ ಮನೇಲೇ ಇರ್ತಾನೆ, ಮೊಟ್ಟೆ ತಿನ್ನಾಕೆ ಸುರು ಮಾಡವ್ನೋ ಏನೋ" ಎಂದು ಚಿಕ್ಕನರಸಯ್ಯ ಅಪ್ಪನಿಗೆ ಹೇಳಿದ್ದಾನೆ. ಕೊರಳಲ್ಲಿ ಲಿಂಗ ಇರುವ ಮನೆಯ ಹುಡುಗ! ಅಪ್ಪ ಸೀದಾ ಬಸ್ಸು ಹತ್ತಿ ಕೊರಟಗೆರೆಗೆ ಬಂದು ಬೀದಿಯಲ್ಲಿ ನಿಂತರು. ಖಲೀಲುಲ್ಲಾ ಸಾಹೇಬರು ಹೊರಗೆ ಹೋಗಿ ಕರೆದರು.

"ಒಳಗೆ ಬನ್ನಿ ನಾಗಲಿಂಗಯ್ಯನೋರೆ. ಮೊಟ್ಟೆ ಎಲ್ಲಾ ಹಿತ್ತಲಲ್ಲೈತೆ, ತಾನಾಗಿ ಎದ್ದು ಬಂದು ನಿಮ್ಮನ್ನ ಮುಟ್ಟಾಕಿಲ್ಲ."

"ಬ್ಯಾಡಿ ಸಾಹೇಬ್ರೆ, ನಾನಿಲ್ಲೇ ಸರಿ. ಅವನ್ನ ಕಳ್ಸಿ."

ನಾನು ಬಾಗಿಲಿಗೆ ಬಂದೆ. ಒಳಗೆ ರೆಕಾರ್ಡು ಓಡುತ್ತಲೇ ಇತ್ತು. ಬೈಯಲು ಬಾಯಿ ತೆರೆದ ಅಪ್ಪ ಕಿಟಕಿಯ ಕಡೆ ತಿರುಗಿದರು. "ಇವರಿಗೆ ಯಾರೂ ಶ್ರುತಿ ಹೇಳ್ಕೊಟ್ಟಿಲ್ವೇನ್ಲಾ? ಒಬ್ಬೊಬ್ರು ಒಂದೊಂದು ಕಡೀಕೆ ಓಯ್ತವ್ರೆ!"

ಅದನ್ನು ಕೇಳಿ ಜೇಮ್ಸ್ ಗಾಬರಿಯಿಂದ ರೆಕಾರ್ಡಿನ ಮುಳ್ಳು ಎತ್ತಿಬಿಟ್ಟ.

"ಯಾಕೆ ನಿಲ್ಸುದ? ಮುಗೀಲಿ, ಹಾಕು ಅನ್ನು" ಎಂದರು ಅಪ್ಪ.

ಹಾಡು ಮುಗಿಯುವವರೆಗೂ ಅಪ್ಪ ಬಿಸಿಲಲ್ಲಿ ನಿಂತಿದ್ದರು, ಕೊಡೆ ಬಿಚ್ಚಲಿಲ್ಲ. ಅದರ ಹಿಡಿಯ ಮೇಲೆ ಬೆರಳು ತಾಳ ಹಾಕುತ್ತಿತ್ತು. ಆಮೇಲೆ ಮೊಟ್ಟೆಯ ಸುದ್ದಿ ಎತ್ತಲೇ ಇಲ್ಲ. "ನಡಿ, ನಿಮ್ಮಮ್ಮ ಕಾಯ್ತಿರ್ತಾಳೆ" ಎಂದರು ಅಷ್ಟೇ.

ಅಕ್ಕ, ಹಾಡು ಎನ್ನುವ ಧೈರ್ಯ ನನಗಿಲ್ಲ. ನನಗೆ ಸಂಗೀತ ಗೊತ್ತಿಲ್ಲ, ಮತ್ತೆ ಯಾರಾದರೂ ನಕ್ಕರೆ ತಡೆಯಲು ನಾನು ಅಲ್ಲಿರುವುದಿಲ್ಲ, ತೊಟ್ಟಿಲ ದಿನವೇ ಕೆಮಿಸ್ಟ್ರಿ ಪರೀಕ್ಷೆ. ಆದರೆ ನಿನಗೆ ಗಂಟಲು ನೋವು ಎಂದು ಈ ಕೈಯಿಂದ ಬರೆಯಲಾರೆ. ನಿನ್ನ ಅತ್ತೆಯವರು ಮೇಲಕ್ಕೆ ಹೋಗಲಿ, ನೀನು ನಿನ್ನ ಕಡೆ ಇಳಿ. ಏನಾಗುತ್ತದೋ ನನಗೆ ತಿಳಿಯದು. ತೊಟ್ಟಿಲಲ್ಲಿರುವವನಿಗಂತೂ ಎರಡೂ ಹೊಸದೇ. ಮಕ್ಕಳಿಬ್ಬರಿಗೂ ಶಿವ ಒಳ್ಳೆಯದು ಮಾಡಲಿ, ನಿನ್ನ ಕೈಕಾಲಿಗೆ ಬೇಗ ಶಕ್ತಿ ಬರಲಿ.

ನಿನ್ನ ತಮ್ಮ,
ನಂದೀಶ್ವರಯ್ಯ

ಮರೆತಿದ್ದೆ. ಸುಳ್ಳು, ಮರೆತಿರಲಿಲ್ಲ, ಬರೆಯಲೋ ಬೇಡವೋ ತಿಳಿಯಲಿಲ್ಲ. ಊರಿಗೆ ಹೋಗುವ ಬಸ್ಸಿನಲ್ಲಿ ಅಪ್ಪ, "ಆ ಕೆಳಗಿನ ದನಿ ಐತಲ್ಲ, ನಮ್ ಮಂಗಳಿದು ಇದ್ದಂಗೇ ಇತ್ತು ಕಣ್ಲಾ" ಎಂದರು. ಆಮೇಲೆ, "ಅವಳು ಮಗೀಗೆ ಹಾಡ್ತಾಳಾ?" ಎಂದು ಕೇಳಿದರು. ಅವರ ಮುಖ ನೋಡಲಾಗದೆ ನಾನು, "ಹೂಂ, ದಿನಾ ಹಾಡ್ತಾಳೆ" ಎಂದುಬಿಟ್ಟೆ. ನೀನು ಬರೆಯಹೇಳಿದ ಸುಳ್ಳು ಬಿಟ್ಟು ಬೇರೆ ಸುಳ್ಳು ಹೇಳಿದ್ದೇನೆ. ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಟವಲು ತೆಗೆದರು. ಇಳಿಯುವಾಗ ಹೇಳಿದ್ದು ಇಷ್ಟು: "ತೊಟ್ಲು ದಿನ ನಾನೂ ಬತ್ತೀನಿ. ಒಳಗೆ ಬರಾಕಿಲ್ಲ, ಅವಳಿಗೆ ಹಿಂಸೆ ಆಗಬಾರ್ದು. ಜಗಲಿ ಮೇಲೆ ಕೂತ್ಕತ್ತೀನಿ."