ಮಲಗುವ ಕೋಣೆಯ ಉತ್ತರದ ಗೋಡೆ

ಪ್ರಾಂತ್ಯದ ಪರಿಸರ ಇಲಾಖೆಯ ಮುಖ್ಯಸ್ಥರಿಗೆ,

ಮಾನ್ಯರೇ,

ನಮ್ಮ ಕುಲಾನ್‌ತೋಬೆಯ ಶಿಶುವಿಹಾರದ ಮಲಗುವ ಕೋಣೆಯನ್ನು ಬರುವ ಸೋಮವಾರದಿಂದ ಮತ್ತೆ ತೆರೆಯಬೇಕೆಂದು ತಾವು ಆದೇಶ ಹೊರಡಿಸಿದ್ದೀರಿ. ಮಧ್ಯಾಹ್ನದ ಊಟವಾದ ಮೇಲೆ ಮೂವತ್ತೆಂಟು ಮಕ್ಕಳು ಎರಡು ಗಂಟೆ ಮಲಗುವ ಕೋಣೆ ಅದು. ಅದರ ಉತ್ತರದ ಗೋಡೆಯಿಂದ ವಿಷದ ಪುಡಿ ಉದುರುತ್ತಿದೆ ಎಂದು ಮೂರು ಸಲ ತಮಗೆ ಬರೆದಿದ್ದೇನೆ. ಗೋಡೆ ಸುರಕ್ಷಿತ ಎನ್ನಲು ತಮ್ಮ ಆದೇಶದ ಎರಡನೇ ಪ್ಯಾರಾದಲ್ಲಿ ಇರುವುದು ಒಂದೇ ಪುರಾವೆ: ನನ್ನ ಪ್ರಬಂಧದಿಂದ ನಾನೇ ಬರೆದುಕೊಟ್ಟ ಒಂದು ಪುಟದ ಸಾರಾಂಶ. ನನ್ನ ಮಾತಿನಿಂದಲೇ ನನ್ನ ಬಾಯಿ ಮುಚ್ಚಿಸಿದ ಜಾಣತನವನ್ನು ಊರಿನವರೂ ಮೆಚ್ಚಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಓದಿದ್ದು ಕೈಗಾರಿಕಾ ಪರಿಸರ ವಿಜ್ಞಾನ. ಹೆಸರು ದೊಡ್ಡದು, ಕೆಲಸ ಸರಳ. ಕಾರ್ಖಾನೆಯೊಳಗೆ ಏನು ಹೋಯಿತು, ಏನು ಹೊರಬಂತು, ಬಂದದ್ದು ಎಲ್ಲಿಗೆ ಹೋಯಿತು ಎಂದು ಬೆನ್ನು ಹತ್ತಿ ತೂಕ ಮಾಡುವುದು. ಒಬ್ಬರ ಕಸ ಇನ್ನೊಬ್ಬರಿಗೆ ಕಚ್ಚಾವಸ್ತು ಆದೀತೇ ಎಂದು ಹುಡುಕುವುದು. ಒಣಸಗಣಿಯಲ್ಲಿ ಒಲೆ ಉರಿಸಿ ಚಳಿಗಾಲ ದಾಟಿಸಿದ ಅಜ್ಜಿಯ ಮೊಮ್ಮಗಳಿಗೆ ಇದೇನೂ ಹೊಸ ವಿದ್ಯೆಯಲ್ಲ. ಊರಾಚೆ ವಿದ್ಯುತ್ ಸ್ಥಾವರದ ಬೂದಿಗುಡ್ಡ ಇತ್ತಲ್ಲ, ಗಾಳಿ ಬೀಸಿದರೆ ಒಣಹಾಕಿದ ಬಟ್ಟೆಯೆಲ್ಲ ಬೂದುಬಣ್ಣಕ್ಕೆ ತಿರುಗುತ್ತಿತ್ತಲ್ಲ, ಅದನ್ನೇ ಪ್ರಬಂಧದ ವಿಷಯವಾಗಿ ಹಿಡಿದೆ. ಬೂದಿಯನ್ನು ಇಟ್ಟಿಗೆ ಭಟ್ಟಿಗೆ ಒಯ್ಯಬಹುದು ಎಂದು ನಕ್ಷೆಯ ಮೇಲೆ ಗೆರೆ ಎಳೆದೆ. ಭಟ್ಟಿಯ ಮೇಸ್ತ್ರಿ ಕಮ್ಜಾ ಅಗಾ ಮೊದಲ ದಿನ ನನ್ನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಬೂದೀಲಿ ಗೋಡೆ ಕಟ್ಟು ಅಂತೀಯಲ್ಲವ್ವ, ನಾಳೆ ಹೊಗೇಲಿ ಬಾಗ್ಲು ಮಾಡು ಅಂತೀಯೇನೋ!" ಇಟ್ಟಿಗೆ ಗಟ್ಟಿ ನಿಂತಿತು, ಪರೀಕ್ಷೆಯಲ್ಲೂ ಪಾಸಾಯಿತು. ಗುಡ್ಡ ಕರಗತೊಡಗಿದಾಗ ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ.

ಆಮೇಲೆ ತಾವು ಕರೆಸಿದಿರಿ. ನೆನಪಿದೆಯೇ? "ಇನ್ನೂರು ಪುಟ ಯಾರಮ್ಮ ಓದ್ತಾರೆ? ರಾಜಧಾನಿಯಿಂದ ದೊಡ್ಡೋರು ಬರ್ತಿದ್ದಾರೆ. ಒಂದೇ ಪುಟದಲ್ಲಿ ಬರ್ಕೊಡಿ. 'ಆದರೆ', 'ಒಂದು ವೇಳೆ', ಇಂಥ ಮಾತೆಲ್ಲ ಬೇಡ."

ನಾನು ಬರೆದುಕೊಟ್ಟೆ. ಪ್ರಬಂಧದ ಅರವತ್ತೊಂದನೇ ಪುಟದಲ್ಲಿ ಒಂದು ವಾಕ್ಯವಿತ್ತು: 'ಸ್ಥಾವರಕ್ಕೆ ಬೇರೆ ಗಣಿಯ ಕಲ್ಲಿದ್ದಲು ಬಂದರೆ ಬೂದಿಯನ್ನು ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು.' ಅದನ್ನು ಕತ್ತರಿಸಿದ್ದು ತಾವಲ್ಲ, ನಾನು. ದೊಡ್ಡವರ ಮುಂದೆ ಪುಟ ಚೆನ್ನಾಗಿ ಕಾಣಲಿ ಎಂಬ ಆಸೆಗೆ ಬಿದ್ದು ಕತ್ತರಿಸಿದೆ. ಈ ಓದಿನ ತಿರುಳೇ ಆ ಒಂದು ವಾಕ್ಯ ಎಂದು ಗೊತ್ತಿದ್ದೂ ಕತ್ತರಿಸಿದೆ. ಅದಕ್ಕಾಗಿ ನಾಚುತ್ತೇನೆ, ಹೇಳಿಕೊಳ್ಳುತ್ತೇನೆ. ತಾವು ಯಾವಾಗ ಹೇಳಿಕೊಳ್ಳುತ್ತೀರಿ?

ಯಾಕೆಂದರೆ ಎರಡು ವರ್ಷದ ಹಿಂದೆ ಸ್ಥಾವರಕ್ಕೆ ಬೇರೆ ಗಣಿಯ ಕಲ್ಲಿದ್ದಲು ಬಂತು. ಆ ಕಾಗದಕ್ಕೆ ಸಹಿ ಹಾಕಿದ್ದು ತಮ್ಮ ಇಲಾಖೆ. ಬೂದಿಯನ್ನು ಯಾರೂ ಪರೀಕ್ಷಿಸಲಿಲ್ಲ. ಯಾಕೆ ಪರೀಕ್ಷಿಸಬೇಕು? ಊರ ಬಾಗಿಲಲ್ಲಿ 'ಕಸಮುಕ್ತ ನಗರ' ಎಂಬ ಫಲಕ ಎದ್ದಾಗಿತ್ತು. ಫಲಕ ಎದ್ದ ಮೇಲೆ ಬೂದಿಗೆ ವಿಷವಾಗುವ ಧೈರ್ಯ ಎಲ್ಲಿಂದ ಬರಬೇಕು, ಅಲ್ಲವೇ?

ಹೋದ ಬೇಸಿಗೆಯಲ್ಲಿ ಶಿಶುವಿಹಾರದ ಮಕ್ಕಳಿಗೆ ಮಲಗಲು ಕೋಣೆ ಸಾಲದೆಂದು ಊರು ಅಸಾರ್ ಕರೆಯಿತು. ಅಸಾರ್‌ಗೆ ಯಾರೂ ಆಮಂತ್ರಣ ಕಳಿಸುವುದಿಲ್ಲ. ಕಿವಿಗೆ ಬಿದ್ದವರು ಬರಬೇಕು, ಕೂಲಿ ಕೇಳದೆ ಕಟ್ಟಬೇಕು. ಕಮ್ಜಾ ಅಗಾ ಉತ್ತರದ ಗೋಡೆಗೆ ಬೂದಿ ಇಟ್ಟಿಗೆ ದಾನ ಕೊಟ್ಟ. ಶಿಶುವಿಹಾರದ ಆಯಾ, ಊರಿಗೆಲ್ಲ ಅಕ್ಕನಾದ ರೌಶಾನ್ ಅಪಾ ಬಾಣಲೆಗಟ್ಟಲೆ ಬಾವುರ್ಸಾಕ್ ಉಂಡೆ ಕರಿದಳು. "ನಿನ್ನ ಇಟ್ಟಿಗೆ, ನೀನೇ ಶುರು ಮಾಡು," ಎಂದು ಎಲ್ಲರೂ ಕರಣೆಯನ್ನು ನನ್ನ ಕೈಗಿತ್ತರು. ಉತ್ತರದ ಗೋಡೆಯ ಕೆಳಗಿನ ಮೂರು ವರಸೆ ನಾನೇ ಕಟ್ಟಿದ್ದು. ಆ ದಿನದಷ್ಟು ಸಂತೋಷ ನನಗೆ ಪದವಿ ಸಿಕ್ಕಾಗಲೂ ಆಗಿರಲಿಲ್ಲ.

ಈ ವಸಂತದಲ್ಲಿ ಹಿಮ ಕರಗಿ ಗೋಡೆ ತೇವ ಹೀರಿತು. ರೌಶಾನ್ ಅಪಾ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು. "ನೋಡು, ಬೆಳಗ್ಗೆ ಒರೆಸ್ತೀನಿ, ಸಂಜೆಗೆ ಮತ್ತೆ ಬಂದಿರುತ್ತೆ. ಹಿಟ್ಟು ಉದುರಿದ ಹಾಗೆ. ಮಕ್ಳು ಬೆರಳಲ್ಲಿ ಗೀಚಿ ಚಿತ್ರ ಬಿಡಿಸ್ತಾವೆ, ಅದೇ ಬೆರಳು ಬಾಯಿಗಿಟ್ಕೋತಾವೆ. ಏನೇ ಇದು?"

"ಗೊತ್ತಿಲ್ಲ ಅಪಾ."

"ಗೊತ್ತಿಲ್ವಾ? ಓದಿದೋಳು ನೀನು. ನಿನ್ನ ನಂಬಿ ಕಟ್ಟಿದ್ದು ನಾವು!"

ಪುಡಿಯನ್ನು ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಒಯ್ದೆ. ಇರಬಹುದಾದದ್ದಕ್ಕಿಂತ ಆರು ಪಟ್ಟು ಆರ್ಸೆನಿಕ್. ವರದಿಯನ್ನು ಮೊದಲು ಅಪಾಳಿಗೆ ಓದಿ ಹೇಳಿದೆ. ಅಪಾ ಅಂದೇ ಕೋಣೆಗೆ ಬೀಗ ಜಡಿದು ಕೀಲಿಯನ್ನು ಕೊರಳಿಗೆ ಹಾಕಿಕೊಂಡಳು. ನಾನು ವರದಿ ಹಿಡಿದು ಬಂದಾಗ ತಾವು ಅದರ ಪುಟ ಕೂಡ ತಿರುವಲಿಲ್ಲ. "ಸುರಕ್ಷಿತ ಅಂತ ಬರ್ಕೊಟ್ಟೋರು ನೀವೇ ತಾನೇ?" ಎಂದಿರಿ. ಈಗ, ಬೀಗ ತೆಗೆಯದಿದ್ದರೆ ಅಪಾಳ ಕೆಲಸ ಹೋಗುತ್ತದೆ ಎಂಬ ನೋಟಿಸು ಬಂದಿದೆ.

ಅವಳು ತೆಗೆಯುವುದಿಲ್ಲ, ತೆಗೆಯಲು ನಾನೂ ಬಿಡುವುದಿಲ್ಲ. ಆದೇಶವನ್ನು ಹಿಂತೆಗೆದುಕೊಳ್ಳಿ. ಹೊಸ ಕಲ್ಲಿದ್ದಲು ಬಂದ ಮೇಲೆ ಹೊರಬಿದ್ದ ಪ್ರತಿ ಇಟ್ಟಿಗೆ ಯಾವ ಯಾವ ಮನೆ ಸೇರಿದೆ ಎಂಬ ಪಟ್ಟಿ ಪ್ರಕಟಿಸಿ. ಭಟ್ಟಿಯ ವಿತರಣಾ ಪುಸ್ತಕವನ್ನು ಕಮ್ಜಾ ಅಗಾ ಆಗಲೇ ತೆಗೆದಿಟ್ಟಿದ್ದಾನೆ. ಭಾನುವಾರ ಬೆಳಗ್ಗೆ ಊರು ಮತ್ತೆ ಅಸಾರ್ ಕರೆದಿದೆ, ಈ ಬಾರಿ ಗೋಡೆ ಕೆಡವಲು. ಕಟ್ಟಿದವರೇ ಬರುತ್ತಾರೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಕೆಳಗಿನ ಮೂರು ವರಸೆ ನಾನೇ ಬಿಚ್ಚುತ್ತೇನೆ.

ಆದರೆ ನಾನು ಓದಿದ ವಿದ್ಯೆ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: ಬಿಚ್ಚಿದ ಇಟ್ಟಿಗೆ ಎಲ್ಲಿಗೆ ಹೋಗಬೇಕು? ನದಿದಂಡೆಗಲ್ಲ, ಹುಲ್ಲುಗಾವಲಿಗಲ್ಲ. ನೀರಿಗಿಳಿಯದಂತೆ ಅದನ್ನು ಇಡುವ ಜಾಗ ತೋರಿಸುವುದು ತಮ್ಮ ಇಲಾಖೆಯ ಕೆಲಸ. ಶನಿವಾರ ಸಂಜೆಯೊಳಗೆ ತೋರಿಸಿ. ತೋರಿಸದಿದ್ದರೆ, ಈ ಇಟ್ಟಿಗೆ ಮಕ್ಕಳ ತಲೆದಿಂಬಿನ ಪಕ್ಕದಲ್ಲಿರಲು ಯೋಗ್ಯ ಎಂದು ಸಹಿ ಹಾಕಿದವರ ಕಚೇರಿ ಒಂದಿದೆ. ತೂಕ ಹಾಕಿ, ತಾರ್ಪಾಲು ಹೊದಿಸಿ ಅಲ್ಲಿಗೇ ತರುತ್ತೇವೆ. ಅಸಾರ್ ವಿಷಯ ಈಗ ತಮ್ಮ ಕಿವಿಗೂ ಬಿದ್ದಿದೆ.

ಇಂತಿ,
ತಮ್ಮ ಆದೇಶದ ಎರಡನೇ ಪ್ಯಾರಾದಲ್ಲಿ ಪುರಾವೆಯಾಗಿ ನಿಂತಿರುವ,
ಒಂದು ವಾಕ್ಯ ಕತ್ತರಿಸಿ ಕೆಟ್ಟ,
ಬಾತಿಮಾ