ಮಡಚುವ ಮಂಚ

ಜೂನ್ ೧೪, ಭಾನುವಾರ

ನನ್ನ ಮೋಟರ್ ಮೇಷ್ಟ್ರಿಗೆ,

ನಾನು ಗಟ್ಟಿಮುಟ್ಟಾಗಿದ್ದೇನೆ. ನೀವೂ ಹಾಗೇ ಇರಬೇಕು, ಏಕೆಂದರೆ ಇದು ಜಗಳದ ಕಾಗದ. ಉತ್ತರ ತಡವಾಯಿತು, ಬೇಸರ ಬೇಡ. ಶಾಲೆಯ ಸಮವಸ್ತ್ರ ಹೊಲಿಯುವ ಕಾಲ, ಮಿಷನ್ ಬಿಟ್ಟು ಏಳುವಂತಿರಲಿಲ್ಲ. ಅಲ್ಲಿ ಪಂಪ್‌ಹೌಸಿನ ಕೆಲಸ ಮುಗಿಸಿ ಮನೆಗೆ ಯಾವಾಗ ಬರುತ್ತೀರೆಂದು ಅತ್ತೆ ಕೇಳುತ್ತಿದ್ದಾರೆ.

ನನ್ನ ಅಂಡಾಶಯ ತೆಗೆದ ದಿನ ಡಾಕ್ಟರಮ್ಮ ನಿಮಗೆ, "ಇನ್ನು ಹಾರ್ಮೋನ್ ಇಳಿಯುತ್ತೆ, ಆಸೆ ಕಮ್ಮಿಯಾಗಬಹುದು" ಎಂದರಂತೆ. ನೀವು ಮಡಚುವ ಮಂಚ ತಂದು ಹಜಾರದಲ್ಲಿ ಹಾಕಿಕೊಂಡಿರಿ. ಪಾಪ, ಗಾಯಕ್ಕೆ ತಾಗಬಾರದೆಂದು ಇರಬೇಕು ಅಂದುಕೊಂಡೆ. ಗಾಯ ಮಾಗಿತು, ಮಂಚ ಮಡಚಲಿಲ್ಲ. ಆಮೇಲೆ ನಿಮ್ಮ ಗೆಳೆಯನಿಗೆ ನೀವು ಹೇಳಿದ್ದು ಅಡುಗೆಮನೆಗೇ ಕೇಳಿಸಿತು: "ನೀರಿಲ್ಲದ ಬಾವಿಗೆ ಮೋಟರ್ ಹಾಕಬಾರದು ಕಣೋ, ಕಾಯಿಲ್ ಸುಟ್ಟುಹೋಗುತ್ತೆ."

ಬಾವಿಯಂತೆ ಬಾವಿ! ಇಣುಕಿ ನೋಡಿದವರು ಯಾರು?

ನಿನ್ನೆ ನಾನೇ ಹೋಗಿ ಡಾಕ್ಟರಮ್ಮನ ಎದುರು ಕೂತೆ. ಅವರು ನಕ್ಕರು. "ಒಂದು ಹಾರ್ಮೋನ್ ಇಳಿದಿರೋದು ನಿಜ, ಅದಕ್ಕೆ ಔಷಧಿ ಇದೆ. ಆದ್ರೆ ಕೈ ಹಿಡ್ಕೊಂಡಾಗ, ತಬ್ಕೊಂಡಾಗ ಬರೋ ಹಾರ್ಮೋನೇ ಬೇರೆ. ಆಕ್ಸಿಟೋಸಿನ್ ಅಂತ. ಅದು ಹುಟ್ಟೋದು ತಲೇಲಿ. ನಾನು ನಿಮ್ಮ ತಲೆ ತೆಗೆದಿಲ್ವಲ್ಲಮ್ಮ!"

ಅಂದರೆ ಕಾರ್ಖಾನೆ ಮುಚ್ಚಿಲ್ಲ ಮೇಷ್ಟ್ರೇ, ಕಚ್ಚಾ ಮಾಲೇ ಬರುತ್ತಿಲ್ಲ.

ನನಗೆ ಆಸೆ ಇದೆಯೋ ಇಲ್ಲವೋ ಎಂದು ಕೇಳಬೇಕಾದದ್ದು ನನ್ನನ್ನು. ಕೇಳದಿದ್ದರೂ ಹೇಳುತ್ತೇನೆ: ಇದೆ. ಕೆಲವು ದಿನ ಇರುವುದಿಲ್ಲ, ಆಗಲೂ ನಿಮ್ಮ ಕೈ ಬೇಕು. ನಾಚಿಕೆಗೆಟ್ಟವಳು ಅನ್ನಿ, ಅನ್ನಿಸಿಕೊಳ್ಳುತ್ತೇನೆ. ನಿಮ್ಮದು ಕಾಳಜಿಯೆಂದು ಗೊತ್ತು. ಆದರೆ ಅತಿಯಾದರೆ ಅಮೃತವೂ ವಿಷ.

ಬೆಳಿಗ್ಗೆ ಮಂಚವನ್ನು ಅತ್ತೆಯ ಕೋಣೆಗೆ ಸಾಗಿಸಿದೆ. "ಒಳ್ಳೆ ಕೆಲಸ ಮಾಡ್ದೆ. ಅವನು ಬಂದು ಕಾಲಿಗೆ ಬಿದ್ರೂ ಬಿಟ್ಕೊಡಲ್ಲ" ಎಂದು ಅದರ ಮೇಲೆ ಮಲಗಿಯೇಬಿಟ್ಟರು. ಇನ್ನು ನಿಮಗೆ ಉಳಿದಿರುವುದು ನನ್ನ ಪಕ್ಕ. ಒಲ್ಲೆನೆಂದರೆ ನೆಲವಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಕರೆಂಟ್ ತೆಗೆಸದೆ ತಂತಿ ಮುಟ್ಟಬೇಡಿ. ನೂರು ವರ್ಷ ಬಾಳಿ, ಹಜಾರದಲ್ಲಲ್ಲ.

ನಿಮ್ಮ
ಟೇಲರಮ್ಮ

ಮರೆತಿದ್ದೆ: ದಿನವಿಡೀ ಟೇಪು ಹಿಡಿದು ಊರವರ ತೋಳು, ಭುಜ ಅಳೆಯುತ್ತೇನೆ. ನನ್ನನ್ನು ಕೊನೆಯ ಸಲ ಮುಟ್ಟಿದ್ದು ಹೊಲಿಗೆ ಬಿಚ್ಚಿದ ನರ್ಸಮ್ಮ. ನೀವು ಹೊರಗೆ ಬೆಂಚಿನ ಮೇಲೆ ಕೂತಿದ್ದಿರಿ. ಆಕೆ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ನೋವಾಯ್ತೇನಮ್ಮ?" ಎಂದು ಕೇಳಿದಾಗ ಅತ್ತುಬಿಟ್ಟೆ. ನೋವಾಗಿರಲಿಲ್ಲ.